ನನ್ನ ತೋಳಿನ ಸುಳ್ಳು ಸಾಕ್ಷಿ

ಹನ್ನೊಂದು ವರ್ಷ ನಾನು ಸಕ್ಕರೆ ಕಾಯಿಲೆಯ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಬಂದವಳು. ಅದರ ಗುಟ್ಟನ್ನು ಈಗ ಹೇಳಿದರೆ ತೊಂದರೆಯಿಲ್ಲ. ರಕ್ತ ಕೊಡುವುದಕ್ಕೆ ಮೂರು ದಿನ ಮೊದಲು ಅನ್ನ ಬಿಡಬೇಕು. ಚಹಾಕ್ಕೆ ಸಕ್ಕರೆ ಹಾಕಬಾರದು. ಎರಡೂ ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ. ಸಂಜೆ ಕಾಲುವೆಯ ದಂಡೆಯ ಮೇಲೆ ಯಾರೋ ಅಟ್ಟಿಸಿಕೊಂಡು ಬಂದಂತೆ ನಡೆಯಬೇಕು. ನಾಲ್ಕನೆಯ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ಕೈ ಚಾಚಿದರೆ ರಿಪೋರ್ಟು ಚೊಕ್ಕವಾಗಿ ಬರುತ್ತದೆ. ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪ್ಲೇಟು ಮಂಡಕ್ಕಿ ವಗ್ಗಾಣಿ, ಎರಡು ಮಿರ್ಚಿ ಬಜ್ಜಿ. ಇದು ನಾನೊಬ್ಬಳೇ ಕಂಡುಹಿಡಿದ ವಿದ್ಯೆಯಲ್ಲ. ಹೊಸಪೇಟೆಯ ನಮ್ಮ ಓಣಿಯಲ್ಲಿ ಸಕ್ಕರೆ ಇರುವ ಹೆಂಗಸರೆಲ್ಲ ಹೀಗೆ ತಯಾರಿ ಮಾಡಿಕೊಂಡೇ ಪರೀಕ್ಷೆಗೆ ಕೂರುವವರು.

ಹೋದ ವರ್ಷ ನಮ್ಮ ಹಳೆಯ ಡಾಕ್ಟರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಒಬ್ಬ ಡಾಕ್ಟರಮ್ಮ ಬಂದರು. ವಯಸ್ಸಿನಲ್ಲಿ ಚಿಕ್ಕವರು, ನಗುವುದು ಕಡಿಮೆ. ನನ್ನ ರಿಪೋರ್ಟು ನೋಡಿ ಅವರು ಮೆಚ್ಚಲಿಲ್ಲ.

"ಅಮ್ಮಾ, ಇವತ್ತಿನ ಸಕ್ಕರಿ ಭಾಳ ಚಲೋ ಐತಿ. ಮೂರು ತಿಂಗಳ ಸರಾಸರಿ ಯಾಕ ಹಿಂಗೈತಿ?"

"ಯಾವ ಮೂರು ತಿಂಗಳ್ರಿ? ನಾ ಬಂದಿದ್ದು ಇವತ್ತಲ್ಲ?"

"ನೀವು ಇವತ್ತು ಬಂದೀರಿ. ನಿಮ್ಮ ರಕ್ತ ಮೂರು ತಿಂಗಳಿಂದ ನಿಮ್ಮ ಜೊತಿಗೇ ಐತಲ್ರಿ. ನೀವು ತಿಂದಿದ್ದೆಲ್ಲ ಅದು ನೋಡೇತಿ."

ನಾನು ನನ್ನ ಸೊಸೆಯ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡುತ್ತಿದ್ದಳು. ಇಂಥದೊಂದು ಪರೀಕ್ಷೆ ಇದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಆ ನೋಟದಲ್ಲೇ ತಿಳಿಯಿತು.

ಹೀಗೆ ನನ್ನ ತೋಳಿಗೆ ಸೆನ್ಸಾರ್ ಬಂತು. ದೊಡ್ಡ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ ಅದು. ತೋಳಿನ ಹಿಂಭಾಗಕ್ಕೆ ಟಪ್ ಎಂದು ಒತ್ತಿದರು. ಕೂದಲಿನಂಥ ಎಳೆಯೊಂದು ಚರ್ಮದೊಳಗೆ ಹೋಗಿ ಕೂತಿತು. ಹದಿನಾಲ್ಕು ದಿನ ಅದು ಅಲ್ಲೇ ಇರುತ್ತದೆ. ಫೋನನ್ನು ಹತ್ತಿರ ಹಿಡಿದರೆ ಸಾಕು, ಆ ಗಳಿಗೆಯ ಸಕ್ಕರೆ ಎಷ್ಟು, ಬೆಳಿಗ್ಗೆಯಿಂದ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಗೆರೆ ಎಳೆದು ತೋರಿಸುತ್ತದೆ. ಸೊಸೆ ಎರಡು ಡಬ್ಬಿ ತಂದಿದ್ದಳು, ಒಂದು ತಿಂಗಳಿಗಾಗುವಷ್ಟು. ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ ಎಂಬುದನ್ನು ನಾನೇ ಫೋನಿನಲ್ಲಿ ಬರೆಯಬೇಕು. ಸೊಸೆ ಟಿ.ಬಿ. ಡ್ಯಾಂನಲ್ಲಿ ಆಫೀಸು ಕೆಲಸಕ್ಕೆ ಹೋಗುವವಳು. ಅಲ್ಲಿ ಕೂತೇ ತನ್ನ ಫೋನಿನಲ್ಲಿ ನನ್ನ ಗೆರೆಯನ್ನೂ ಬರಹವನ್ನೂ ನೋಡುತ್ತಾಳೆ.

ನಾನು ಟೈಪು ಕಲಿತದ್ದು ಇದಕ್ಕಾಗಿ. ಒಂದೇ ಬೆರಳು. ಮೊದಲ ದಿನ 'ರೊಟ್ಟಿ' ಎಂದು ಒತ್ತುವಷ್ಟರಲ್ಲಿ ತಟ್ಟೆಯ ರೊಟ್ಟಿ ಆರಿ ಸೆಟೆದುಕೊಂಡಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಒತ್ತಕ್ಷರವೂ ಬಂತು, ಸುಳ್ಳು ಬರೆಯುವುದೂ ಬಂತು.

ವಿಷಯ ಓಣಿಗೆ ಗೊತ್ತಾಗಲು ಒಂದು ಮಧ್ಯಾಹ್ನ ಸಾಕಾಯಿತು. ಊಟವಾಗಿ, ಪಾತ್ರೆ ತೊಳೆದು, ಮೂರು ಗಂಟೆಗೆ ನಮ್ಮ ಕಟ್ಟೆಯ ಮೇಲೆ ಸೇರುವ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನನ್ನ ತೋಳು ಮುಟ್ಟಿ ನೋಡಿದರು. ಎದುರು ಮನೆಯವಳ ತವರು ಕಂಪ್ಲಿ. ತವರಿನ ಅಕ್ಕಿಯ ಮೇಲೆ ಅವಳಿಗೆ ತುಂಬ ಅಭಿಮಾನ.

"ಯಮ್ಮಾ, ನಮ್ಮ ಅಕ್ಕಿ ಒಂದೀಟು ಉಂಡು ನೋಡ್ರಿ. ಎರಡು ವರ್ಷದ ಹಳೇ ಅಕ್ಕಿ. ಇದರ ಅನ್ನಕ್ಕ ಸಕ್ಕರಿ ಏರಂಗೇ ಇಲ್ಲ."

ಒಂದು ಬಟ್ಟಲು ಅನ್ನ ತಂದಳು. ಉಂಡೆ. ಒಂದು ಗಂಟೆ ಬಿಟ್ಟು ಎಲ್ಲರೂ ಫೋನಿಗೆ ತಲೆ ಹಾಕಿದರು. ಗೆರೆ ಮನೆಯ ಮಾಳಿಗೆಗೆ ಏಣಿ ಇಟ್ಟಂತೆ ನಿಂತಿತ್ತು. ಅವಳ ಮುಖ ಸಣ್ಣದಾಯಿತು.

ಮಾರನೆಯ ದಿನ ಸೀತಾಫಲ ಬಂತು. ಮೂಲೆ ಮನೆಯವಳ ಗಂಡ ಸಂಡೂರಿನ ಗಣಿ ಲಾರಿ ಓಡಿಸುವವನು, ಬರುವಾಗ ಗುಡ್ಡದ ಹಣ್ಣು ತಂದಿದ್ದ. "ಗಿಡದಾಗ ಬಿಟ್ಟಿದ್ದು, ಮನಷ್ಯಾ ಮಾಡಿದ್ದಲ್ಲ. ಇದಕ್ಕೆಲ್ಲಿ ಸಕ್ಕರಿ ಬರತೈತಿ?" ಎಂದಳು. ಎರಡು ಹಣ್ಣು ತಿಂದೆ. ಸಂಡೂರಿನ ಗುಡ್ಡವೇ ಎದ್ದು ಬಂದು ಫೋನಿನೊಳಗೆ ಕೂತಿತು. ಮಿರ್ಚಿ ಮಾತ್ರ ಭಾರಿ ಸಾಧುವಾಗಿ ನಡೆದುಕೊಂಡಿತು. ಒಂದು ಗಂಟೆಯಾದರೂ ಗೆರೆ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದು ಮನೆಗೆ ಹೋದರು. ದೀಪ ಹಚ್ಚುವ ಹೊತ್ತಿಗೆ ಅದು ಸದ್ದಿಲ್ಲದೆ ಮೇಲಕ್ಕೆ ಹತ್ತಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹಿಂದೆ ಓಣಿಗೆ ಒಂದೇ ಬೀಸುವ ಕಲ್ಲಿದ್ದಾಗ ಎಲ್ಲರ ಜೋಳವನ್ನೂ ಅದರಲ್ಲೇ ಬೀಸುತ್ತಿದ್ದೆವು. ಈಗ ಓಣಿಗೆ ಒಂದೇ ತೋಳು, ಎಲ್ಲರ ಅಡುಗೆಯನ್ನೂ ಅದರಲ್ಲೇ ನೋಡಬೇಕು ಎಂದು ನಮಗೆಲ್ಲ ಸಹಜವಾಗಿಯೇ ಅನ್ನಿಸಿತ್ತು. ನನ್ನ ಮೈಗೆ ಆಗುವುದು ಅವರ ಮೈಗೂ ಆಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನಂತೂ ಕೇಳುವವಳೇ ಅಲ್ಲ. ಬಗೆಬಗೆಯ ತಿಂಡಿ ಬಾಗಿಲಿಗೆ ಬರುತ್ತಿತ್ತು. ಸೊಸೆ ಸಂಜೆ ಬಂದು, "ಅತ್ತೀ, ಏನ್ರಿ ಇದು, ಈ ಪರಿ ಏರೇತಿ?" ಎಂದರೆ, "ಡಾಕ್ಟರ್ ಏನಂದಾರ? ಯಾವುದು ತಿಂದರ ಏನಾಗತೈತಿ ನೋಡ್ರಿ ಅಂದಾರಿಲ್ಲೋ? ನೋಡಾಕತ್ತೀನಿ" ಎನ್ನುತ್ತಿದ್ದೆ.

ಐದನೆಯ ದಿನ ನನ್ನ ನೆಗೆಣ್ಣಿ ಬಂದಳು. ನನ್ನ ಗಂಡನ ತಮ್ಮನ ಹೆಂಡತಿ. ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಈ ಮನೆಗೆ ಬಂದ ನಾಲ್ಕು ವರ್ಷಕ್ಕೆ ಅವಳು ಬಂದಳು. ಅವತ್ತಿನಿಂದ ಅವಳ ಸಾರಿಗೆ ಉಪ್ಪು ಕಡಿಮೆ ಎಂದು ನಾನು, ನನ್ನ ಹೋಳಿಗೆ ದಪ್ಪ ಎಂದು ಅವಳು. ಅವಳಿಗೂ ಸಕ್ಕರೆ ಇದೆ, ಒಂಬತ್ತು ವರ್ಷದಿಂದ. ಆದರೆ ಕೆಲವು ತಿಂಗಳಿಂದ ಅವಳು ಬೇರೆಯೇ ದಾರಿ ಹಿಡಿದಿದ್ದಳು. ಫೋನಿನ ವಿಡಿಯೋ ನೋಡಿ ಬೆಳಿಗ್ಗೆ ಬಿಸಿನೀರಿಗೆ ಲಿಂಬೆ, ಆಮೇಲೆ ಪ್ರಾಣಾಯಾಮ, ಆಮೇಲೆ ಹೊಸ ಬೂಟು ಹಾಕಿಕೊಂಡು ಹತ್ತು ಸಾವಿರ ಹೆಜ್ಜೆ. ಸೀರೆಯ ಕೆಳಗೆ ಕೆಂಪು ಬೂಟು ಹಾಕಿ ಕಾಲುವೆಯ ದಂಡೆಯಲ್ಲಿ ಅವಳು ಹೋಗುವುದನ್ನು ನೋಡಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅವಳು ತಂದದ್ದು ಲಾಡು. ನವಣೆ, ಖರ್ಜೂರ, ಬೆಲ್ಲ, ಮೆಂತ್ಯ ಹಾಕಿ ತಾನೇ ಕಟ್ಟಿದ್ದು.

"ಒಂದು ಚಿಟಿಕಿ ಸಕ್ಕರಿ ಹಾಕಿಲ್ಲ ಯಕ್ಕಾ. ಸಕ್ಕರಿ ಇದ್ದೋರಿಗೆ ಅಂತನ ಮಾಡೀನಿ. ಹಂಪಿ ಕಡೆ ಹೋಂಸ್ಟೇದಾಗ ಯೋಗಾ ಮಾಡಾಕ ಬರ್ತಾರಲ್ಲ, ಅವರಿಗೂ ಕೊಡಬೇಕಂತ ಕೇಳ್ಯಾರ. ನಿನ್ನ ತೋಳು ಏನಂತೈತಿ ನೋಡೂಣು."

"ಬೆಲ್ಲ ಹಾಕೀಯಲ್ಲಲೇ?"

"ಬೆಲ್ಲ ಅಂದ್ರ ಬೆಲ್ಲ. ಸಕ್ಕರಿ ಅಂದ್ರ ಸಕ್ಕರಿ. ನಿನಗ ಅಷ್ಟೂ ತಿಳಿಯಂಗಿಲ್ಲೇನು?"

ಒಂದು ತುಣುಕು ಬಾಯಿಗೆ ಹಾಕಿದೆ. ಮೆಂತ್ಯದ ನೀರಿನಲ್ಲಿ ಇಟ್ಟಿಗೆಯ ಪುಡಿ ಕಲೆಸಿದಂತಿತ್ತು. ಅವಳು ಎದುರಿಗೇ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಮನೆಯ ಕುಕ್ಕರು ಕೂಗಿತು. ಅವಳು ಎದ್ದು ಹೋಗಿ ಬರುವಷ್ಟರಲ್ಲಿ ಲಾಡು ನನ್ನ ಸೆರಗಿನ ಗಂಟಿನಲ್ಲಿತ್ತು, ನಾನು ಖಾಲಿ ಬಾಯಿ ಆಡಿಸುತ್ತಿದ್ದೆ.

"ಹೆಂಗೈತಿ?"

"ಮಸ್ತ್ ಐತಿ."

ಅವಳೆದುರಿಗೇ ಫೋನು ತೆಗೆದು ಒಂದೊಂದೇ ಅಕ್ಷರ ಒತ್ತಿದೆ. 'ಲಾಡು ಒಂದು' ಎಂದಷ್ಟೇ ಬರೆದಿದ್ದರೂ ಸಾಕಿತ್ತು. ಹೊಸದಾಗಿ ಬರೆಯಲು ಕಲಿತ ಹುಮ್ಮಸ್ಸಿನಲ್ಲಿ 'ಪೂರ್ತಿ' ಎಂದೂ ಸೇರಿಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಲಾಡನ್ನು ಹಿಂದಿನ ಮನೆಯವರ ಕೋಳಿಗಳಿಗೆ ಪುಡಿ ಮಾಡಿ ಹಾಕಿದೆ. ಅವೂ ಅನುಮಾನದಿಂದಲೇ ತಿಂದವು.

ಎರಡು ಗಂಟೆಯಾದ ಮೇಲೆ ನೋಡಿದರೆ ಗೆರೆ ಡ್ಯಾಂನ ಹಿನ್ನೀರಿನಂತೆ ಸಪಾಟಾಗಿ ಮಲಗಿತ್ತು. ನೆಗೆಣ್ಣಿ ಕುಣಿಯುವುದೊಂದು ಬಾಕಿ. ಆ ಗೆರೆಯ ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದಳು. ಕಂಪ್ಲಿಯವಳು, ಸೀತಾಫಲದವಳು ಇಬ್ಬರೂ ಬಂದು ಲಾಡು ಮಾಡುವ ಕ್ರಮ ಕೇಳಿಕೊಂಡು ಹೋದರು. ನಾನು ಒಳಗೊಳಗೇ ನಗುತ್ತಿದ್ದೆ. ಈಗ ಬಾಯಿ ಬಿಟ್ಟರೆ ಜಗಳ, ಆಮೇಲೊಂದು ದಿನ ಹೇಳಿ ಅವಳನ್ನು ಚೆನ್ನಾಗಿ ಆಡಿಕೊಂಡರಾಯಿತು ಎಂದುಕೊಂಡೆ.

ಅದಾಗಿ ಒಂದು ವಾರ ಕಳೆದಿರಬೇಕು. ಅವಳು ನಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬಲಗಾಲಿನ ಮೇಲೆ ನೊಣ ಕೂತಿತ್ತು. ಹೋಗುತ್ತದೆ, ಮತ್ತೆ ಬಂದು ಅಲ್ಲೇ ಕೂರುತ್ತದೆ. ಅವಳು ಕಾಲು ಅಲುಗಿಸುತ್ತಲೂ ಇಲ್ಲ. ಬಗ್ಗಿ ನೋಡಿದೆ. ಕಿರುಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. ಬಟ್ಟೆ ಒದ್ದೆಯಾಗಿತ್ತು, ಒಂಥರಾ ವಾಸನೆ ಬರುತ್ತಿತ್ತು.

"ಏನಲೇ ಇದು?"

"ಏನಿಲ್ಲ, ಬೂಟು ತಿಕ್ಕೇತಿ. ನೋವೇನಿಲ್ಲ ಬಿಡು."

"ಎಷ್ಟು ದಿನ ಆತು?"

"ಐದಾರು ದಿನ ಆಗಿರಬೇಕು."

"ಗುಳಿಗಿ ಸರಿ ತಗೊಳಾಕತ್ತೀಯಿಲ್ಲೋ?"

ಅವಳು ಅವರೆಕಾಯಿ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದಳು. "ಯಾವ ಗುಳಿಗಿ? ಬಿಟ್ಟು ಒಂದು ವಾರ ಆತು. ನಿನ್ನ ತೋಳೇ ಹೇಳ್ತಲ್ಲ ಯಕ್ಕಾ, ನನ್ನ ಲಾಡಿಗೆ ಸಕ್ಕರಿ ಏರಂಗಿಲ್ಲ ಅಂತ. ದಿನಾ ಮೂರು ತಿಂತೀನಿ. ಇನ್ನ ಗುಳಿಗಿ ಯಾಕ?"

ನಮ್ಮ ಅತ್ತೆಗೂ ಸಕ್ಕರೆ ಇತ್ತು. ಅವರಿಗೂ ಹೀಗೆಯೇ ಕಿರುಬೆರಳಿನಲ್ಲಿ ಒಂದು ಸಣ್ಣ ಹುಣ್ಣಾಗಿತ್ತು. ನೋವಿಲ್ಲ, ನೋವಿಲ್ಲ ಎನ್ನುತ್ತಲೇ ಇದ್ದರು. ಕೊನೆಗೆ ಮೊಣಕಾಲಿನವರೆಗೆ ತೆಗೆಯಬೇಕಾಯಿತು. ಆಮೇಲೆ ಅವರು ಬದುಕಿದಷ್ಟು ವರ್ಷವೂ ಒಂದು ಕಡೆಯಿಂದ ನಾನು, ಒಂದು ಕಡೆಯಿಂದ ಇವಳು ಎತ್ತಿ ಬಚ್ಚಲಿಗೆ ಕರೆದೊಯ್ದಿದ್ದೆವು.

"ಲೇ, ನಾ ಅವತ್ತು ನಿನ್ನ ಲಾಡು ತಿಂದಿಲ್ಲ. ಸೆರಗಿನಾಗ ಕಟ್ಟಿಕೊಂಡಿದ್ದೆ. ಕೋಳಿಗೆ ಹಾಕಿದೆ" ಎಂದುಬಿಟ್ಟೆ.

ಅವಳು ನಕ್ಕಳು. "ಹೌದೌದು. ಫೋನಿನಾಗ 'ಪೂರ್ತಿ' ಅಂತ ಬರದೀಯಲ್ಲ, ನನ್ನ ಕಣ್ಣ ಮುಂದ."

"ಸುಳ್ಳು ಬರದೆ."

"ಅವತ್ತು ಸುಳ್ಳಲ್ಲ, ಇವತ್ತು ಸುಳ್ಳು. ಹಂಪಿಯೋರು ನನ್ನ ಲಾಡು ಕೇಳಿದ್ದು ನಿನ್ನ ಹೊಟ್ಟ್ಯಾಗ ಉರಿ ಎಬ್ಬಿಸೇತಿ. ನಲವತ್ತು ವರ್ಷದಿಂದ ನಿನ್ನ ನೋಡಿಲ್ಲೇನು ನಾ?"

ದೇವರಾಣೆ ಮಾಡಿದೆ. ನನ್ನ ದೇವರಾಣೆಗೆ ಅವಳ ಹತ್ತಿರ ಯಾವತ್ತೂ ಬೆಲೆ ಇಲ್ಲ, ಅದಕ್ಕೆ ಕಾರಣಗಳೂ ಇವೆ. ಡಾಕ್ಟರ ಹತ್ತಿರ ಹೋಗೋಣ ಎಂದೆ. "ಗುಳಿಗಿ ನುಂಗಸಾಕ ಕುಂತಾರವರು, ನಾ ಬರಂಗಿಲ್ಲ" ಎಂದಳು. ತನ್ನ ಗಂಡನ ಮಾತನ್ನೇ ಕೇಳದವಳು ನನ್ನ ಮಾತು ಕೇಳುತ್ತಾಳೆಯೇ? ಅವಳು ಜೀವನದಲ್ಲಿ ಒಂದಕ್ಕೆ ಮಾತ್ರ ಯಾವತ್ತೂ ಒಲ್ಲೆ ಎಂದವಳಲ್ಲ, ನನ್ನ ಜೊತೆ ಪಂದ್ಯಕ್ಕೆ.

"ಹಂಗಾದ್ರ ಇನ್ನೊಂದು ಡಬ್ಬಿ ಐತಿ. ನಿನ್ನ ತೋಳಿಗೂ ಹಚ್ಚೂಣು. ನಾಳೆ ಯಾರ ತೋಳಿನಾಗ ಸಕ್ಕರಿ ಕಡಿಮಿ ಬರತೈತಿ ನೋಡೇಬಿಡೂಣು. ಧೈರ್ಯ ಇಲ್ಲಾಂದ್ರ ಬ್ಯಾಡ ಬಿಡು."

"ಯಾರಿಗೆ ಧೈರ್ಯ ಇಲ್ಲ? ಹಚ್ಚು!"

ಸೊಸೆ ಸಂಜೆ ಬಂದವಳೇ ಹುಣ್ಣು ನೋಡಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಕೇಳದೆ ಹಚ್ಚುವುದಿಲ್ಲ ಎಂಬುದು ಅವಳ ಹಟ. "ಹಚ್ಚೋದಿದ್ರ ಹಚ್ಚ್ರಿ, ಆದ್ರ ಅದಕ್ಕಂತ ಕಾಯಬ್ಯಾಡ್ರಿ, ನಾಳೆ ಹನ್ನೆರಡರೊಳಗ ಆ ಕಾಲು ನನ್ನ ಮುಂದಿರಬೇಕು" ಎಂದು ಅವರು ಗದರಿದ್ದು ಫೋನಿನ ಹೊರಗೂ ಕೇಳಿಸಿತು. ನೆಗೆಣ್ಣಿಗೆ ಹಚ್ಚಿದ ಸೆನ್ಸಾರನ್ನು ಸೊಸೆ ತನ್ನ ಫೋನಿಗೆ ಜೋಡಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಪಂದ್ಯ. ಸೊಸೆ ಆಫೀಸಿಗೆ ರಜೆ ಹಾಕಿದ್ದಳು. ಒಂದು ತಟ್ಟೆಯಲ್ಲಿ ಎರಡು ಲಾಡು. ತಿನ್ನುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಸೊಸೆ ಫೋನು ಹಿಡಿದಳು. ನನ್ನದು ನೂರಾ ಮೂವತ್ತರ ಹತ್ತಿರ. ನೆಗೆಣ್ಣಿಯ ತೋಳಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು.

"ಎಷ್ಟೈತ್ಲೇ?" ಎಂದಳು ನೆಗೆಣ್ಣಿ.

"ಇನ್ನೂರಾ ಎಂಬತ್ತೇಳು, ಚಿಗವ್ವಾ."

"ನಾ ಇನ್ನೂ ತಿಂದೇ ಇಲ್ಲಲ್ಲ! ಬರಿ ನೀರು ಕುಡದೀನಿ. ಮಷಿನ್ ಕೆಟ್ಟೈತಿ."

ಮನೆಯಲ್ಲಿದ್ದ ಬೆರಳು ಚುಚ್ಚುವ ಹಳೆಯ ಮಷಿನನ್ನು ಸೊಸೆ ತಂದಳು. ಅದೂ ಹೆಚ್ಚುಕಡಿಮೆ ಅಷ್ಟೇ ಹೇಳಿತು. ಅವಳ ಪಾಲಿನ ಲಾಡನ್ನು ಸೊಸೆ ಸದ್ದಿಲ್ಲದೆ ತಟ್ಟೆಯಿಂದ ಎತ್ತಿಕೊಂಡಳು. ಆದರೆ ನೆಗೆಣ್ಣಿ ಸೋಲುವವಳಲ್ಲ.

"ಆತು, ನಾ ಬ್ಯಾಡ. ಆಕಿ ತಿನ್ಲಿ. ನನ್ನೆದುರಿಗೆ ತಿನ್ಲಿ. ಕುಕ್ಕರು ಕೂಗಿದ್ರೂ ನಾ ಏಳಂಗಿಲ್ಲ."

ತಿಂದೆ. ಒಂದು ಗುಟುಕು ನೀರು ಕೊಡಲಿಲ್ಲ ಪುಣ್ಯಾತ್ಗಿತ್ತಿ. ಪ್ರತಿ ತುತ್ತಿಗೂ ಬಾಯಿ ತೆರೆದು ತೋರಿಸು ಎಂದಳು, ತೋರಿಸಿದೆ. ಲಾಡಿನ ಕೊನೆಯ ತುಣುಕು ಗಂಟಲಿನಲ್ಲಿ ನಿಂತಾಗ ಆ ಕೋಳಿಗಳ ಮೇಲೆ ನನಗೆ ಗೌರವ ಬಂತು. ಮುಕ್ಕಾಲು ಗಂಟೆಯಲ್ಲಿ ನನ್ನ ಗೆರೆ ಇನ್ನೂರಾ ನಲವತ್ತಕ್ಕೆ ಏರಿ ನಿಂತಿತು. ಅಷ್ಟೂ ಹೊತ್ತು ಅವಳು ಫೋನಿನಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ನೀ ಖರೇನ ತಿಂದಿಲ್ಲೇನು?"

"ಇಲ್ಲ."

"ಯಾಕ?"

"ಭಾಳ ಕೆಟ್ಟಿತ್ತಲೇ."

ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಕಾಲಿನ ಕಡೆ ನೋಡಿದಳು. ಆಮೇಲೆ ಕೇಳಿದಳು, "ಅತ್ತೀದು ಯಾವ ಕಾಲು ಯಕ್ಕಾ?"

"ಬಲಗಾಲು."

ಅವಳು ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಸೊಸೆ ಆಗಲೇ ಆಟೋ ಕರೆದಿದ್ದಳು.

ಡಾಕ್ಟರಮ್ಮ ಹುಣ್ಣನ್ನು ತೊಳೆದು ನೋಡಿದರು. ಕೀವಾಗಿತ್ತು. ಮೂಳೆಗೆ ಮುಟ್ಟಿದೆಯೇ ಎಂದು ಎಕ್ಸ್‌ರೇ ತೆಗೆಸಿದರು, ಮುಟ್ಟಿರಲಿಲ್ಲ. "ಎರಡು ವಾರ ದಿನಾ ಡ್ರೆಸಿಂಗಿಗೆ ಬರಬೇಕು. ಗುಳಿಗಿ ತಪ್ಪಿಸಂಗಿಲ್ಲ. ಆಮ್ಯಾಲ ಬೆರಳು ಉಳಿತೈತೋ ಇಲ್ಲೋ ಹೇಳ್ತೀನಿ" ಎಂದರು. ಆಮೇಲೆ ಅವಳನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ಕಡ್ಡಿಗೆ ಸಿಕ್ಕಿಸಿದ ನೈಲಾನ್ ಎಳೆ ತೆಗೆದುಕೊಂಡರು.

"ನಾ ಕಾಲಿಗೆ ಮುಟ್ಟಿದ ಕೂಡಲೇ ಹೂಂ ಅನ್ರಿ."

ಹೆಬ್ಬೆರಳಿಗೆ ಎಳೆ ಬಾಗುವಂತೆ ಒತ್ತಿದರು. ಪಕ್ಕದ ಬೆರಳಿಗೆ ಒತ್ತಿದರು. ಬೆರಳುಗಳ ಬುಡಕ್ಕೆ ಒತ್ತಿದರು. ನೆಗೆಣ್ಣಿ ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು, ಶಾಲೆಯ ಹುಡುಗಿಯಂತೆ ಕಾಯುತ್ತಿದ್ದಳು.

"ಯಾವಾಗ ಮುಟ್ತೀರ್ರೀ?" ಎಂದಳು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಹೊರಗೆ ಹೋಗಿ ನೀರಿನ ಕ್ಯಾನಿನ ಹತ್ತಿರ ನಿಂತೆ. ಬಾಯಾರಿರಲಿಲ್ಲ.

ಮರಳಿ ಬಂದು ನಡೆದದ್ದನ್ನೆಲ್ಲ ಹೇಳಿದೆ. ಸೆರಗು, ಕೋಳಿ, 'ಪೂರ್ತಿ', ಎಲ್ಲ. ಡಾಕ್ಟರಮ್ಮ ಅವತ್ತು ನನ್ನನ್ನು ಬೈದದ್ದು ನ್ಯಾಯವಾಗಿತ್ತು. ಲಾಡು ತಿನ್ನದೆ ಇದ್ದದ್ದಕ್ಕಲ್ಲ, ನನ್ನ ತೋಳನ್ನು ಓಣಿಗೆಲ್ಲ ಸಾಕ್ಷಿ ಮಾಡಿದ್ದಕ್ಕೆ. "ನಿಮ್ಮ ತೋಳು ನಿಮಗಷ್ಟೇ ಹೇಳತೈತ್ರಮ್ಮ. ನೀವು ಖರೇ ತಿಂದು ಖರೇ ಬರದಿದ್ರೂ ಅದು ಇವರ ಕಾಲಿಗೆ ಜವಾಬಲ್ಲ. ಇವರ ಮೈ ಬ್ಯಾರೆ, ನಿಮ್ಮ ಮೈ ಬ್ಯಾರೆ" ಎಂದರು. ನಲವತ್ತು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳುತ್ತ ಬಂದದ್ದೇ ಅದು. ಈ ಒಂದು ವಿಷಯದಲ್ಲಿ ಮಾತ್ರ ಮರೆತಿದ್ದೆವು.

ನೆಗೆಣ್ಣಿ ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸ ಹಂಪಿ ಕಡೆಯವರಿಗೆ ಫೋನ್ ಮಾಡಿದ್ದು. "ಲಾಡು ಚಲೋ ಅದಾವ್ರಿ, ಆದ್ರ ಸಕ್ಕರಿ ಇದ್ದೋರಿಗೆ ಕೊಡಬ್ಯಾಡ್ರಿ" ಎಂದಳು. ಚಲೋ ಅದಾವೆ ಎಂಬುದನ್ನು ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದಳು. ಓಣಿಯ ಹೆಂಗಸರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಟ್ಟೆಯ ಮೇಲೆ ಹೇಳಿಕೊಂಡೆ. ಕಂಪ್ಲಿಯವಳು ಬಹಳ ಸಂತೋಷಪಟ್ಟಳು. "ಹಂಗಾದ್ರ ನಮ್ಮ ಅಕ್ಕಿ ಗೆರಿನೂ ಸುಳ್ಳ ಇರಬೇಕು" ಎಂದು ಎದ್ದು ಹೋದಳು.

ಹದಿನಾಲ್ಕು ದಿನ ಡ್ರೆಸಿಂಗಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಆಟೋದಲ್ಲಿ ಹೋಗುವಾಗ ಅವಳು ಮಾತಾಡುತ್ತಿರಲಿಲ್ಲ, ಬರುವಾಗ ಬೈಯುತ್ತಿದ್ದಳು. ಅದೇ ಕ್ರಮ. ಹುಣ್ಣು ಮೊದಲ ವಾರ ಹಾಗೆಯೇ ಇತ್ತು. ಎರಡನೆಯ ವಾರ ಅಂಚಿನಲ್ಲಿ ಕೆಂಪಗೆ ಹೊಸ ಚರ್ಮ ಕಾಣಿಸಿತು. ಕೊನೆಯ ದಿನ ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಬೆರಳು ಉಳೀತ್ರಿ" ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. "ಆದರೆ ಕಾಲಿಗೆ ಅರಿವಿಲ್ಲ. ಕಲ್ಲು ಚುಚ್ಚಿದರೂ ಇವರಿಗೆ ಗೊತ್ತಾಗಂಗಿಲ್ಲ. ದಿನಾ ಯಾರರೆ ಅಂಗಾಲು, ಬೆರಳಿನ ಸಂದಿ ಎಲ್ಲ ನೋಡಬೇಕು. ಯಾರು ನೋಡ್ತೀರಿ?"

"ಈಕಿ ನೋಡತಾಳ್ರಿ" ಎಂದಳು ನೆಗೆಣ್ಣಿ, ನನ್ನ ಕಡೆ ಬೆರಳು ತೋರಿಸಿ.

ನಮ್ಮ ಮನೆತನದಲ್ಲಿ ಹಬ್ಬಕ್ಕೊಮ್ಮೆ ಕಿರಿಯರು ಹಿರಿಯರ ಕಾಲು ಮುಟ್ಟುವುದು ಉಂಟು. ಅವಳು ಪ್ರತಿ ಹಬ್ಬಕ್ಕೂ ಮೂತಿ ತಿರುಗಿಸಿಕೊಂಡೇ ನನ್ನ ಕಾಲು ಮುಟ್ಟಿದವಳು. ಈಗ ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ, ಎಲ್ಲರೆದುರು, ಎರಡೂ ಕಾಲನ್ನು ಎತ್ತಿ ನನ್ನ ಮಡಿಲಿನಲ್ಲಿ ಇಡುತ್ತಾಳೆ. ಕಾಲುಂಗುರದ ಸಂದಿ ನೋಡು ಎನ್ನುತ್ತಾಳೆ, ಹಿಮ್ಮಡಿಯ ಬಿರುಕು ನೋಡು ಎನ್ನುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ಒಂದೊಂದು ಬೆರಳನ್ನೂ ಬಿಡಿಸಿ ನೋಡುತ್ತೇನೆ. ನೋಡಿದ್ದನ್ನು ಫೋನಿನಲ್ಲಿ ಬರೆಯುತ್ತೇನೆ, ಇದ್ದದ್ದನ್ನು ಇದ್ದ ಹಾಗೆ.

ಮೊನ್ನೆ ಎಲ್ಲ ನೋಡಿ ಮುಗಿದ ಮೇಲೆ ಸುಮ್ಮನೆ ಅವಳ ಬಲಗಾಲಿನ ಬೆರಳುಗಳಿಗೆ ಕಚಗುಳಿ ಇಟ್ಟೆ. ಅವಳು ಎದುರು ಮನೆಯವಳ ಜೊತೆ ಮಾತಾಡುತ್ತಲೇ ಇದ್ದಳು, ಏನೂ ತಿಳಿಯಲಿಲ್ಲ. ಹಾಗೇ ಕೈಯನ್ನು ಹಿಮ್ಮಡಿಯ ಕಡೆಗೆ ಸರಿಸಿದೆ. ಅಂಗಾಲಿನ ನಡುವೆ, ತಗ್ಗಿರುವ ಕಡೆ ಬೆರಳಾಡಿಸಿದೆ.

ಒದ್ದಳು. ಹೊಟ್ಟೆಗೇ ಬಿತ್ತು.

"ಏನ್ಲೇ, ಹಿರ್ಯಾಕಿಗೆ ಒದಿತೀಯಾ?" ಎಂದೆ.

"ಮುದುಕಿ ಆದ್ರೂ ಬುದ್ಧಿ ಬರಲಿಲ್ಲಲ್ಲ ನಿನಗ!" ಎಂದು ಕಾಲೆಳೆದುಕೊಂಡಳು.

"ಇನ್ನೊಂದು ಕಾಲು ಕೊಡು" ಎಂದೆ. ಅವಳು ಸೀರೆಯೊಳಗೆ ಎರಡೂ ಕಾಲು ಮುಚ್ಚಿಕೊಂಡು ಗಟ್ಟಿಯಾಗಿ ಕೂತಳು. ನಾನು ಹೊಟ್ಟೆ ಹಿಡಿದುಕೊಂಡು, ಫೋನು ತೆಗೆದು ಬರೆದೆ: ಬಲಗಾಲು, ನಡು ಅಂಗಾಲು, ಅರಿವಿದೆ. ಚೆನ್ನಾಗಿ ಒದೆಯುತ್ತಾಳೆ.